ಲೋಹಕ್ಕೆ ಬೆಂಕಿ ಬಿದ್ದಾಗ ನೀರಿನ ಬಕೆಟ್ ಎತ್ತಬೇಡಿ

ನಾಸಿಕದ ಬಳಿಯ ದೇವಳಾಲಿ ಕ್ಯಾಂಪಿನಂಥ ದಂಡುಪ್ರದೇಶಗಳಲ್ಲಿ ಗೋದಾಮು, ವರ್ಕ್‌ಶಾಪ್, ಗ್ಯಾರೇಜುಗಳ ಗೋಡೆಗೆ ಕೆಂಪು ಬಕೆಟ್‌ಗಳು ಸಾಲಾಗಿ ತೂಗಿರುವುದು ಮಾಮೂಲಿ. ಕೆಲವದರಲ್ಲಿ ನೀರು, ಕೆಲವದರಲ್ಲಿ ಮರಳು. ಮರ, ಬಟ್ಟೆ, ಕಾಗದಕ್ಕೆ ಬೆಂಕಿ ಹತ್ತಿದ್ದರೆ ಯಾವುದನ್ನು ಎತ್ತಿದರೂ ನಡೆದೀತು. ಹತ್ತಿಕೊಂಡದ್ದು ಮೆಗ್ನೀಸಿಯಂ ಚೂರೋ, ಅಲ್ಯುಮಿನಿಯಂ ಪುಡಿಯೋ, ಟೈಟಾನಿಯಂ ಚಿಪ್ಸೋ ಆಗಿದ್ದರೆ ನೀರಿನ ಬಕೆಟ್ ಎತ್ತಿದವನ ಕಣ್ಣು, ಕೈ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಬೆಂಕಿ ಕಂಡರೆ ನೀರು ಹಾಕಬೇಕೆಂದು ಚಿಕ್ಕಂದಿನಿಂದ ಕಲಿತ ಕೈ ಅದು. ಆ ಹೊತ್ತಿನಲ್ಲಿ ಯೋಚಿಸಲು ಬಿಡುವಿರುವುದಿಲ್ಲ. ಆದ್ದರಿಂದ ಲೋಹದ ಬೆಂಕಿಯ ವಿಷಯದಲ್ಲಿ ತಿಳಿಯಬೇಕಾದದ್ದನ್ನೆಲ್ಲ ಬೆಂಕಿ ಬೀಳುವ ಮುಂಚೆಯೇ ತಿಳಿದಿರಬೇಕು, ಇಡಬೇಕಾದದ್ದನ್ನು ಮುಂಚೆಯೇ ಕೈಗೆ ಸಿಗುವಂತೆ ಇಟ್ಟಿರಬೇಕು.

ಈ ಸೀಮೆಯಲ್ಲಿ ಇದು ದೂರದ ವಿಷಯವಲ್ಲ. ದೇವಳಾಲಿಯ ಸ್ಕೂಲ್ ಆಫ್ ಆರ್ಟಿಲರಿಯಲ್ಲಿ ತರಬೇತಿ ಪಡೆಯುವ ಗನ್ನರ್‌ಗಳಿಗೆ ರಾತ್ರಿ ಆಕಾಶವನ್ನು ಬೆಳಗುವ ಶೆಲ್‌ಗಳು ಗೊತ್ತು. ಅಂಥ ಶೆಲ್‌ಗಳ ಬೆಳಕು ಸಾಮಾನ್ಯವಾಗಿ ಮೆಗ್ನೀಸಿಯಂ ಪುಡಿ ಉರಿಯುವುದರಿಂದ ಬರುತ್ತದೆ. ನಾಸಿಕದ ಆಚೆ ಓಝರ್‌ನಲ್ಲಿ 1964ರಲ್ಲಿ ಸ್ಥಾಪನೆಯಾದ ಎಚ್‌ಎಎಲ್ ಘಟಕ ಯುದ್ಧವಿಮಾನ ಕಟ್ಟುತ್ತದೆ; ವಿಮಾನ ಇದ್ದಲ್ಲಿ ಟೈಟಾನಿಯಂ ಇದ್ದೇ ಇರುತ್ತದೆ. ಸಾತಪುರ, ಅಂಬಡ್, ಸಿನ್ನರ್‌ಗಳ ಶೆಡ್ಡುಗಳಲ್ಲಿ ಅಲ್ಯುಮಿನಿಯಂ ಕತ್ತರಿಸುವ, ಉಜ್ಜುವ ಕೆಲಸ ನಡೆಯುತ್ತದೆ. ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ 1985ರಲ್ಲಿ ಬಜಾಜ್ ಕಾರ್ಖಾನೆ ಶುರುವಾದ ಮೇಲೆ ದ್ವಿಚಕ್ರ ವಾಹನದ ಬಿಡಿಭಾಗ ಎರಕ ಹೊಯ್ಯುವ, ಪಾಲಿಶ್ ಮಾಡುವ ಘಟಕಗಳು ಸುತ್ತ ಬೆಳೆದವು. ಬೀದರ್, ಕಲಬುರಗಿ, ವಿಜಯಪುರ ಕಡೆಯಿಂದ ಐಟಿಐ ಮುಗಿಸಿ ಮಹಾರಾಷ್ಟ್ರದ ಎಂಐಡಿಸಿ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ನಮ್ಮ ಹುಡುಗರು ನಿಲ್ಲುವುದು ಇಂಥ ಯಂತ್ರಗಳ ಮುಂದೆಯೇ. ಊರಲ್ಲೇ ಉಳಿದವರಿಗೂ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಗಳಲ್ಲಿ ಇದೇ ಗ್ರೈಂಡರ್, ಇದೇ ಲೇತ್. ಅವರನ್ನೂ ಅವರ ಮನೆಯವರನ್ನೂ ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನೀರು ಯಾಕೆ ಬೇಡ

ಉರಿಯುತ್ತಿರುವ ಲೋಹಕ್ಕೆ ಆಮ್ಲಜನಕದ ಹಸಿವು ಎಷ್ಟೆಂದರೆ ನೀರನ್ನೇ ಒಡೆದು ಅದರೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಜಲಜನಕ. ಅದು ಹತ್ತಿಕೊಳ್ಳಲು ಒಂದು ಕಿಡಿ ಸಾಕು, ಅಲ್ಲಿ ಕಿಡಿಗೆ ಬರವಿಲ್ಲ. ಲೆಕ್ಕ ಹಾಕಿದರೆ ಒಂದು ಕಿಲೋ ಅಲ್ಯುಮಿನಿಯಂ ನೀರಿನೊಡನೆ ಪೂರ್ತಿ ವರ್ತಿಸಿದಾಗ ಸುಮಾರು 1,240 ಲೀಟರ್ ಜಲಜನಕ ಹುಟ್ಟುತ್ತದೆ, ಒಂದು ಕಿಲೋ ಮೆಗ್ನೀಸಿಯಂನಿಂದ ಸುಮಾರು 920 ಲೀಟರ್. ಗಾಳಿಯಲ್ಲಿ ಜಲಜನಕದ ಪಾಲು ಶೇ 4ರಿಂದ 75ರವರೆಗೆ ಎಷ್ಟಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಇದರ ಜತೆಗೆ ಇನ್ನೊಂದು ಅಪಾಯ: ಕರಗಿದ ಲೋಹದ ಅಡಿಗೆ ನೀರು ಸಿಕ್ಕಿಕೊಂಡರೆ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮೇಲಿನ ಲೋಹ ಸಿಡಿದು ಮುಖಕ್ಕೆ ಹಾರುತ್ತದೆ.

1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಜನರ ನಡುವೆ ನುಗ್ಗಿ ಹೊತ್ತಿಕೊಂಡಿತು. ಅದರ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಗೊತ್ತಿಲ್ಲದ ರಕ್ಷಣಾ ಸಿಬ್ಬಂದಿ ನೀರು ಸುರಿದರು. ಬೆಂಕಿ ಇನ್ನಷ್ಟು ಭುಗಿಲೆದ್ದು ಗಂಟೆಗಟ್ಟಲೆ ಉರಿಯಿತು.

ನೀರು ಬೇಡವೆಂದರೆ ಗೋಡೆಯ ಮೇಲಿನ ಸಿಒ2 ಸಿಲಿಂಡರ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದೂ ಬೇಡ. ಮೆಗ್ನೀಸಿಯಂ ಇಂಗಾಲದ ಡೈಆಕ್ಸೈಡಿನೊಳಗೂ ಉರಿಯುತ್ತದೆ; ಅದರ ಆಮ್ಲಜನಕ ತೆಗೆದುಕೊಂಡು ಕರಿ ಇಂಗಾಲವನ್ನು ಹಿಂದೆ ಬಿಡುತ್ತದೆ. ಸಾರಜನಕದಲ್ಲೂ ಉರಿಯುತ್ತದೆ. ಟೈಟಾನಿಯಂ ಕೂಡ ಹಾಗೆಯೇ. ಕಚೇರಿ, ಅಂಗಡಿ, ಅಪಾರ್ಟ್‌ಮೆಂಟುಗಳಲ್ಲಿ ಈಗ ಎಲ್ಲೆಡೆ ಕಾಣುವ ಎಬಿಸಿ ಪುಡಿಯ ಸಿಲಿಂಡರ್ ಲೋಹದ ಬೆಂಕಿಗೆ ತಯಾರಿಸಿದ್ದಲ್ಲ. ಅದರ ಪುಡಿಯ ರಾಸಾಯನಿಕ ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕಿಂತ ಹೆಚ್ಚಾಗಿ ಅದರಿಂದ ಹೊಮ್ಮುವ ರಭಸವೇ ಅಪಾಯ. ನೆಲದ ಮೇಲೆ ಸುಮ್ಮನೆ ಉರಿಯುತ್ತಿದ್ದ ಲೋಹದ ಪುಡಿಯನ್ನು ಆ ರಭಸ ಗಾಳಿಗೆಬ್ಬಿಸುತ್ತದೆ. ಆಮೇಲೆ ಅದು ಬೆಂಕಿಯಾಗಿ ಉಳಿಯದೆ ಸ್ಫೋಟವಾಗುತ್ತದೆ.

ಪುಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಅಪಾಯ ಲೋಹದ ಹೆಸರಿನಲ್ಲಿ ಇರುವುದಕ್ಕಿಂತ ಅದರ ರೂಪದಲ್ಲಿ ಹೆಚ್ಚು ಇರುತ್ತದೆ. ಮೆಗ್ನೀಸಿಯಂನ ದಪ್ಪ ಗಟ್ಟಿಗೆ ಬೆಂಕಿ ಹಚ್ಚುವುದು ಸುಲಭವಲ್ಲ; ತಾಗಿದ ಶಾಖವನ್ನು ಅದು ಮೈತುಂಬ ಹರಡಿಕೊಂಡುಬಿಡುತ್ತದೆ. ಅದನ್ನೇ ಸುರುಳಿ ಸುರುಳಿಯಾಗಿ ಕತ್ತರಿಸಿದರೆ ಬೆಂಕಿಕಡ್ಡಿ ಸಾಕು, ಪುಡಿ ಮಾಡಿದರೆ ಕಿಡಿ ಸಾಕು. ಸೌದೆಯ ಕೊರಡಿಗೂ ಗರಗಸದ ಹೊಟ್ಟಿಗೂ ಇರುವ ವ್ಯತ್ಯಾಸ ಒಲೆ ಹಚ್ಚಿದವರಿಗೆಲ್ಲ ಗೊತ್ತು. ಒಂದು ಸೆಂಟಿಮೀಟರ್ ಘನದ ಲೋಹವನ್ನು ಹತ್ತು ಮೈಕ್ರಾನಿನ ಕಣಗಳಾಗಿ ಒಡೆದರೆ ಗಾಳಿಗೆ ತಾಗುವ ಮೈ ಸಾವಿರ ಪಟ್ಟು ಹೆಚ್ಚುತ್ತದೆ. ಮನೆಯ ಪಾತ್ರೆಯಾಗಿ ನಿರುಪದ್ರವಿಯಾಗಿರುವ ಅಲ್ಯುಮಿನಿಯಂ, ಬಫಿಂಗ್ ಯಂತ್ರದ ಅಡಿಯ ಬೂದು ದೂಳಾದಾಗ ಸ್ಫೋಟಕವಾಗುವುದು ಹೀಗೆ. ಕಬ್ಬಿಣದ, ಸತುವಿನ ನಯವಾದ ಪುಡಿಯೂ ಉರಿಯುತ್ತದೆ.

ಗಾಳಿಯ ಒಂದು ಘನ ಮೀಟರಿನಲ್ಲಿ 30ರಿಂದ 60 ಗ್ರಾಂನಷ್ಟು ನಯವಾದ ಅಲ್ಯುಮಿನಿಯಂ ದೂಳು ತೇಲಿದರೆ ಅದು ಸಿಡಿಯಬಲ್ಲದು. ಒಂದು ಹಿಡಿ ಪುಡಿ ಎಂದುಕೊಳ್ಳಿ. ಆ ಒಂದು ಹಿಡಿ ಎಲ್ಲಿಂದ ಬರುತ್ತದೆ? ನೆಲದಿಂದ ಬರುವುದು ಕಡಿಮೆ. ನೆಲವನ್ನು ಯಾರಾದರೂ ಗುಡಿಸುತ್ತಾರೆ. ಅದು ಬರುವುದು ತಗಡು ಛಾವಣಿಯ ಕೆಳಗಿನ ತೊಲೆಗಳ ಮೇಲಿಂದ, ಟ್ಯೂಬ್‌ಲೈಟಿನ ಪಟ್ಟಿಯಿಂದ, ಕೇಬಲ್ ಟ್ರೇಯಿಂದ, ದೂಳು ಎಳೆಯುವ ಕೊಳವೆಯ ಒಳಗಿನಿಂದ. ಮೊದಲು ಎಲ್ಲೋ ಮೂಲೆಯಲ್ಲಿ ಸಣ್ಣದೊಂದು ಸಿಡಿತವಾಗುತ್ತದೆ. ಅದರ ಒತ್ತಡಕ್ಕೆ ತೊಲೆಗಳು ಅದುರಿ ವರ್ಷಗಳಿಂದ ಕೂತ ದೂಳೆಲ್ಲ ಒಮ್ಮೆಗೇ ಕೆಳಗಿಳಿಯುತ್ತದೆ. ಎರಡನೆಯ ಸ್ಫೋಟ ಕಟ್ಟಡವನ್ನು ತೆಗೆದುಕೊಂಡು ಹೋಗುತ್ತದೆ. ಹೆಚ್ಚಿನ ಸಾವು ಸಂಭವಿಸುವುದು ಈ ಎರಡನೆಯದರಲ್ಲಿ.

ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರ ಬೆಳಿಗ್ಗೆ ಕಾರಿನ ಅಲ್ಯುಮಿನಿಯಂ ಚಕ್ರಗಳನ್ನು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಆದದ್ದು ಇಂಥದೇ. ದೂಳು ಸಂಗ್ರಹಿಸುವ ಯಂತ್ರದ ಡ್ರಮ್ಮಿನಲ್ಲಿ ಕೂತಿದ್ದ ಅಲ್ಯುಮಿನಿಯಂ ದೂಳಿಗೆ ತೇವ ತಾಗಿ ಅದು ತನ್ನಷ್ಟಕ್ಕೆ ಬಿಸಿಯಾಯಿತು. ಅಲ್ಲಿಂದ ಹೊರಟ ಬೆಂಕಿ ಕೊಳವೆಗಳ ಮೂಲಕ ಇಡೀ ಶೆಡ್ಡಿಗೆ ಹಬ್ಬಿತು. ಕೊನೆಗೆ ಸತ್ತವರ ಸಂಖ್ಯೆ 146ಕ್ಕೆ ಏರಿತು. ಆ ಕಾರ್ಖಾನೆಯಲ್ಲಿ ಅಪರೂಪದ ರಾಸಾಯನಿಕವೇನೂ ಇರಲಿಲ್ಲ. ಇದ್ದದ್ದು ಚಕ್ರ ಉಜ್ಜಿದ ದೂಳು. ನಮ್ಮ ಹತ್ತಿರದಲ್ಲೇ, ನಾಗಪುರ ಜಿಲ್ಲೆಯ ಉಮರೇಡ್ ಎಂಐಡಿಸಿಯ ಅಲ್ಯುಮಿನಿಯಂ ಘಟಕವೊಂದರಲ್ಲಿ 2025ರ ಏಪ್ರಿಲ್ 11ರ ಸಂಜೆ ಸ್ಫೋಟವಾಗಿ ಹಲವು ಕಾರ್ಮಿಕರ ಪ್ರಾಣ ಹೋಯಿತು.

ಹಾಗಾಗಿ ಲೋಹ ಉಜ್ಜುವ ಶೆಡ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಸುರಕ್ಷಾ ಕೆಲಸ ಗುಡಿಸುವುದು. ಸಾಮಾನ್ಯ ಉರಿಯುವ ದೂಳಿಗೆ ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆಯ ಪ್ರಕಾರ 0.8 ಮಿಲಿಮೀಟರ್ ದಪ್ಪದ ಪದರವೇ ಎಚ್ಚರಿಕೆಯ ಗಂಟೆ. ಲೋಹದ ದೂಳಿನಲ್ಲಿ ಅದಕ್ಕಿಂತ ಬಿಗಿಯಾಗಿರಿ. ತೊಲೆಗೆ ಬಳಿದ ಬಣ್ಣ ಯಾವುದೆಂದು ಕಾಣದಷ್ಟು ದೂಳು ಕೂತಿದ್ದರೆ ಅವತ್ತೇ ಯಂತ್ರ ನಿಲ್ಲಿಸಿ ತೆಗೆಯಬೇಕು. ತೆಗೆಯುವಾಗ ಕಂಪ್ರೆಸರ್ ಗಾಳಿ ಊದಲೇಬಾರದು. ನಮ್ಮ ವರ್ಕ್‌ಶಾಪ್‌ಗಳಲ್ಲಿ ಸಂಜೆ ಮನೆಗೆ ಹೊರಡುವ ಮುನ್ನ ಏರ್‌ಗನ್ ಹಿಡಿದು ಯಂತ್ರಕ್ಕೂ ಮೈಗೂ ಊದಿಕೊಳ್ಳುವ ರೂಢಿ ಎಷ್ಟು ಬೇರೂರಿದೆ ಎಂದರೆ ಹೊಸಬನಿಗೆ ಮೊದಲ ದಿನ ಕಲಿಸುವುದೇ ಅದನ್ನು. ಲೋಹದ ದೂಳಿದ್ದಲ್ಲಿ ಆ ರೂಢಿ ನಿಲ್ಲಬೇಕು. ಮೃದುವಾದ ನಾರಿನ ಬ್ರಷ್, ಕಿಡಿ ಹಾರಿಸದ ಹಿತ್ತಾಳೆ ಅಥವಾ ಅಲ್ಯುಮಿನಿಯಂ ಮೊರ, ನಿಧಾನದ ಕೈ ಸಾಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಅದರ ಮೋಟರಿನ ಕಿಡಿ ದೂಳಿನ ಹಾದಿಯಲ್ಲೇ ಇರುತ್ತದೆ. ಲೋಹದ ದೂಳಿಗೆಂದೇ ತಯಾರಿಸಿದ, ಅರ್ಥಿಂಗ್ ಇರುವ ವ್ಯಾಕ್ಯೂಮ್ ಬೇರೆ ಸಿಗುತ್ತದೆ.

ಇನ್ನೊಂದು ತಪ್ಪು ಸಣ್ಣ ಶೆಡ್ಡುಗಳಲ್ಲಿ ದಿನವೂ ನಡೆಯುತ್ತದೆ. ಒಂದೇ ಬೆಂಚ್ ಗ್ರೈಂಡರಿನಲ್ಲಿ ಬೆಳಿಗ್ಗೆ ಉಕ್ಕು, ಮಧ್ಯಾಹ್ನ ಅಲ್ಯುಮಿನಿಯಂ. ಉಕ್ಕು ಉಜ್ಜಿದಾಗ ಕಿಡಿ ಹಾರುತ್ತದೆ, ಅಲ್ಯುಮಿನಿಯಂ ಉಜ್ಜಿದಾಗ ಹಾರುವುದಿಲ್ಲ. ಎರಡರ ದೂಳೂ ಒಂದೇ ಹುಡ್ಡಿನಲ್ಲಿ ಸೇರಿದ ಮೇಲೆ ನಾಳೆಯ ಉಕ್ಕಿನ ಕಿಡಿ ನಿನ್ನೆಯ ಅಲ್ಯುಮಿನಿಯಂ ಮೇಲೆ ಬೀಳುತ್ತದೆ. ತುಕ್ಕು ಹಿಡಿದ ಕಬ್ಬಿಣವೂ ಅಲ್ಯುಮಿನಿಯಂ ಪುಡಿಯೂ ಸೇರಿದರೆ ರೈಲು ಹಳಿ ಬೆಸೆಯಲು ಬಳಸುವ ಥರ್ಮಿಟ್ ಮಿಶ್ರಣದ ಸಾಮಾನೇ ತಯಾರಾದಂತೆ. ಅಲ್ಯುಮಿನಿಯಂ, ಮೆಗ್ನೀಸಿಯಂಗೆ ಬೇರೆ ಗ್ರೈಂಡರ್, ಬೇರೆ ಬೆಲ್ಟ್, ಬೇರೆ ದೂಳು ಡಬ್ಬಿ ಇರಲಿ. ಯಂತ್ರದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಿ. ಎರಡನೆಯ ಗ್ರೈಂಡರಿನ ಬೆಲೆ ಸಣ್ಣ ಮಾಲೀಕನಿಗೂ ಕೈಗೆಟುಕದ್ದಲ್ಲ.

ಬಟ್ಟೆಯ ವಿಷಯವೂ ಇಲ್ಲಿಗೇ ಸೇರಿದ್ದು. ನೈಲಾನ್, ಪಾಲಿಯೆಸ್ಟರ್ ಬೇಡ. ಸ್ಥಿರ ವಿದ್ಯುತ್ತು ಹುಟ್ಟಿಸುತ್ತವೆ, ಉರಿದರೆ ಚರ್ಮಕ್ಕೆ ಅಂಟುತ್ತವೆ. ನಯವಾದ ಹತ್ತಿ ಬಟ್ಟೆ, ಜೇಬು ಮತ್ತು ಮಡಿಸಿದ ಅಂಚು ಇಲ್ಲದ್ದು ಒಳ್ಳೆಯದು; ಮಡಿಕೆಗಳಲ್ಲಿ ದೂಳು ತುಂಬಿಕೊಳ್ಳುತ್ತದೆ. ಆ ಬಟ್ಟೆಯಲ್ಲೇ ಬೀಡಿ ಹಚ್ಚುವುದು, ಮನೆಗೆ ಹೋಗಿ ಒಲೆಯ ಮುಂದೆ ಕೂರುವುದು ಎರಡೂ ಬೇಡ.

ಮಳೆಗಾಲ ಮತ್ತು ಡ್ರಮ್ಮುಗಳು

ದೇವಳಾಲಿಯಿಂದ ಇಗತಪುರಿ ಘಟ್ಟ ದೂರವಿಲ್ಲ. ಜೂನ್ ಕಳೆಯುತ್ತಿದ್ದಂತೆ ಆ ಕಡೆಯ ತೇವ ಶೆಡ್ಡುಗಳ ಒಳಗೆಲ್ಲ ನುಗ್ಗುತ್ತದೆ. ನಮ್ಮ ಮಲೆನಾಡು, ಕರಾವಳಿ, ಬೆಳಗಾವಿಯ ಕಥೆಯೂ ಅದೇ. ಲೋಹದ ಪುಡಿ, ಚಿಪ್ಸ್ ಇಟ್ಟುಕೊಂಡವರಿಗೆ ಇದು ವರ್ಷದ ಅತಿ ಕಷ್ಟದ ಕಾಲ.

ತೇವ ತಾಗಿದ ಅಲ್ಯುಮಿನಿಯಂ ಅಥವಾ ಮೆಗ್ನೀಸಿಯಂ ಪುಡಿ ಬೆಂಕಿಯಿಲ್ಲದೆಯೂ ನಿಧಾನವಾಗಿ ನೀರಿನೊಡನೆ ವರ್ತಿಸುತ್ತದೆ. ಜಲಜನಕ ಹುಟ್ಟುತ್ತದೆ, ಶಾಖವೂ ಹುಟ್ಟುತ್ತದೆ. ರಾಶಿ ದೊಡ್ಡದಿದ್ದರೆ ಒಳಗಿನ ಶಾಖಕ್ಕೆ ಹೊರಬರಲು ದಾರಿಯಿಲ್ಲ; ಶಾಖ ಹೆಚ್ಚಿದಷ್ಟೂ ವರ್ತನೆಯ ವೇಗ ಹೆಚ್ಚುತ್ತದೆ, ಕೊನೆಗೆ ರಾಶಿ ತಾನೇ ಹೊತ್ತಿಕೊಳ್ಳುತ್ತದೆ. ಇದೇ ವರ್ತನೆಯನ್ನು ಹಿಡಿತದಲ್ಲಿಟ್ಟು ನಾವು ಮನೆ ಕಟ್ಟುತ್ತೇವೆ: ಹಗುರವಾದ ಎಎಸಿ ಬ್ಲಾಕುಗಳೊಳಗಿನ ಸಣ್ಣ ಸಣ್ಣ ಗುಳ್ಳೆಗಳು, ಸುಣ್ಣದ ನೀರಿನೊಡನೆ ಅಲ್ಯುಮಿನಿಯಂ ಪುಡಿ ಸೇರಿ ಹುಟ್ಟಿದ ಜಲಜನಕ ಮಾಡಿದ ಗುಳ್ಳೆಗಳೇ. ಆ ಬ್ಲಾಕ್ ಕಾರ್ಖಾನೆಗಳ ಗೋದಾಮಿನಲ್ಲೂ ಅಲ್ಯುಮಿನಿಯಂ ಪುಡಿಯ ಡ್ರಮ್ಮುಗಳಿರುತ್ತವೆ. ಸಿಮೆಂಟ್, ಸುಣ್ಣದ ನಡುವೆ ಬೆಳೆದ ಕೆಲಸಗಾರರಿಗೆ ಅದೂ ಒಂದು ಪುಡಿ ಅನಿಸುವುದು ಸಹಜ. ಅದು ಹಾಗಲ್ಲವೆಂದು ಯಾರಾದರೂ ಹೇಳಬೇಕು.

ಒಣ ಸರಕಿಗೂ ಒದ್ದೆ ಸರಕಿಗೂ ನಿಯಮ ಬೇರೆ ಬೇರೆ. ಇಲ್ಲಿ ಗೊಂದಲವಾಗುವುದರಿಂದ ನಿಧಾನವಾಗಿ ಓದಿ. ಪೂರ್ತಿ ಒಣಗಿದ ಪುಡಿ, ಚಿಪ್ಸನ್ನು ಗಾಳಿ, ತೇವ ನುಗ್ಗದಂತೆ ಬಿಗಿಯಾದ ಮುಚ್ಚಳದ ಉಕ್ಕಿನ ಡ್ರಮ್ಮಿನಲ್ಲಿ ಇಡಬೇಕು. ಕೂಲೆಂಟ್ ಅಥವಾ ನೀರು ತಾಗಿದ ಚಿಪ್ಸನ್ನು ಹಾಗೆ ಬಿಗಿಯಾಗಿ ಮುಚ್ಚಬಾರದು. ಒಳಗೆ ಜಲಜನಕ ತುಂಬಿ ಡ್ರಮ್ಮು ಉಬ್ಬಿ ಸಿಡಿಯುತ್ತದೆ. ಅದಕ್ಕೆ ಗಾಳಿ ಹೋಗುವ ಮುಚ್ಚಳ ಬೇಕು, ಕಟ್ಟಡದಿಂದ ಹೊರಗೆ, ಮಳೆ ತಾಗದ ಕಡೆ ಇಡಬೇಕು, ಆದಷ್ಟು ಬೇಗ ಸಾಗಿಸಬೇಕು. ನೀರು ಬಳಸುವ ದೂಳು ಸಂಗ್ರಾಹಕದಿಂದ ಕೆಸರನ್ನು ದಿನವೂ ತೆಗೆಯಿರಿ. ಅದು ಅರ್ಧ ಒಣಗಿದ ಸ್ಥಿತಿಯಲ್ಲಿ ಉಳಿಯಲೇಬಾರದು. ಪೂರ್ತಿ ಒದ್ದೆಯಾದದ್ದಕ್ಕಿಂತಲೂ ಪೂರ್ತಿ ಒಣಗಿದ್ದಕ್ಕಿಂತಲೂ ಆ ಅರೆತೇವದ ಕೆಸರೇ ಹೆಚ್ಚು ಮೋಸದ್ದು.

ಗೋದಾಮಿನ ವಿಷಯ: ನೆಲ ಮಹಡಿಯ, ಉರಿಯದ ಸಾಮಗ್ರಿಯ ಕೋಣೆ ಇರಲಿ, ನೆಲಮಾಳಿಗೆ ಬೇಡ. ಮೇಲೆ ನೀರಿನ ಕೊಳವೆ ಹಾದಿರಬಾರದು. ಡ್ರಮ್ಮುಗಳು ನೆಲಕ್ಕೆ ತಾಗದಂತೆ ಹಲಗೆಯ ಬದಲು ಉಕ್ಕಿನ ಸ್ಟ್ಯಾಂಡಿನ ಮೇಲಿರಲಿ. ಜೂನ್‌ಗೆ ಮುಂಚೆ ಛಾವಣಿಯ ಪ್ರತಿ ತಗಡು, ಪ್ರತಿ ಬೋಲ್ಟು ನೋಡಿಸಿ. ಜಲಜನಕ ಮೇಲಕ್ಕೇರುವ ಅನಿಲವಾದ್ದರಿಂದ ಗಾಳಿಕಿಂಡಿ ಛಾವಣಿಯ ಹತ್ತಿರವೇ ಇರಬೇಕು. ಪೇಂಟ್, ಥಿನ್ನರ್, ಗ್ಯಾಸ್ ಸಿಲಿಂಡರ್, ಆಮ್ಲ, ಕಾಸ್ಟಿಕ್ ಸೋಡಾ ಅದೇ ಕೋಣೆಯಲ್ಲಿ ಬೇಡ. ನೈಟ್ರೇಟ್, ಕ್ಲೋರೇಟ್, ಪರ್ಮ್ಯಾಂಗನೇಟ್‌ನಂಥ ಆಮ್ಲಜನಕ ಕೊಡುವ ಪುಡಿಗಳು ಲೋಹದ ಪುಡಿಯ ಹತ್ತಿರ ಬರಲೇಬಾರದು. ಆ ಎರಡನ್ನು ಬೆರೆಸಿದರೆ ಅದು ಪಟಾಕಿ ಮದ್ದು. ಅದನ್ನು ಮಾಡಲು ಲೈಸೆನ್ಸ್ ಬೇಕು, ಅದರ ಮೇಲೆ ಕಣ್ಣಿಡುವ ಪೆಸೊ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ಮುಖ್ಯವಾಗಿ, ಕೆಲಸದ ಜಾಗದಲ್ಲಿ ಒಂದು ಪಾಳಿಗೆ ಬೇಕಾದಷ್ಟೇ ಸರಕು ಇರಲಿ. ಸಣ್ಣ ರಾಶಿ ಹೊತ್ತಿಕೊಂಡರೆ ಉರಿದು ಮುಗಿಯುತ್ತದೆ.

ಲಾರಿಯಲ್ಲೋ ಡ್ರಮ್ಮಿನ ಮೇಲೋ ಜ್ವಾಲೆಯ ಚಿತ್ರವಿರುವ ನೀಲಿ ಚೌಕ, ಅದರ ಕೆಳಮೂಲೆಯಲ್ಲಿ 4 ಎಂಬ ಅಂಕಿ ಕಂಡರೆ ಅದು 4.3 ವರ್ಗದ, ಒದ್ದೆಯಾದಾಗ ಉರಿಯುವ ಅನಿಲ ಬಿಡುವ ಸರಕು ಎಂದರ್ಥ. ಅದರ ಜತೆಗಿನ ನಾಲ್ಕಂಕಿ ಸಂಖ್ಯೆ ನೋಡಿ: ಲೇಪನವಿಲ್ಲದ ಅಲ್ಯುಮಿನಿಯಂ ಪುಡಿಗೆ 1396, ಮೆಗ್ನೀಸಿಯಂ ಪುಡಿಗೆ 1418, ಸೋಡಿಯಂಗೆ 1428, ಲಿಥಿಯಂಗೆ 1415. ಅಗ್ನಿಶಾಮಕರಿಗೆ ಫೋನ್ ಮಾಡುವಾಗ ಈ ಅಂಕಿ ಹೇಳಿದರೆ ಅರ್ಧ ಕೆಲಸ ಆಯಿತು.

ಗುಜರಿ ವ್ಯಾಪಾರಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಕಾರ್ಖಾನೆ ತನ್ನ ಅಂಗಳದಿಂದ ಹೊರಹಾಕಿದ ಅಪಾಯ ಬಂದು ಸೇರುವುದು ಅವರ ಶೆಡ್ಡಿಗೆ. ಬೆಳ್ಳಗೆ ಹೊಳೆಯುವ ಚಿಪ್ಸೆಲ್ಲ ಅಲ್ಯುಮಿನಿಯಂ ಅಲ್ಲ. ಮೆಗ್ನೀಸಿಯಂ ಅದಕ್ಕಿಂತಲೂ ಹಗುರ; ಒಂದು ಘನ ಸೆಂಟಿಮೀಟರಿಗೆ ಅಲ್ಯುಮಿನಿಯಂ 2.7 ಗ್ರಾಂ ತೂಗಿದರೆ ಇದು 1.74 ಗ್ರಾಂ. ಕೊಂಡುಕೊಳ್ಳುವಾಗ ಯಾವ ಲೋಹ, ಯಾವ ಕೂಲೆಂಟ್ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಗೊತ್ತಿಲ್ಲದ ಚಿಪ್ಸಿನ ಪಕ್ಕ ಗ್ಯಾಸ್ ಕಟಿಂಗ್ ಮಾಡಬೇಡಿ.

ಯಂತ್ರದ ಮುಂದೆ, ಕುಲುಮೆಯ ಮುಂದೆ

ಮೆಗ್ನೀಸಿಯಂ ಕತ್ತರಿಸುವಾಗ ಹರಿತ ಟೂಲ್ ಬಳಸಿ, ಫೀಡ್ ಹೆಚ್ಚಿಡಿ, ದಪ್ಪ ಚಿಪ್ಸ್ ಬರಲಿ. ಮೊಂಡು ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ; ನೂಲಿನಂಥ ತೆಳು ಚಿಪ್ಸ್ ಬಿಸಿಯಾಗಿ ಅಲ್ಲೇ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಟೂಲನ್ನು ತಿರುಗುವ ಲೋಹಕ್ಕೆ ತಾಗಿಸಿಯೇ ಬಿಟ್ಟು ಮಾತಿಗೆ ನಿಲ್ಲಬೇಡಿ. ಒಣದಾಗಿ ಅಥವಾ ಖನಿಜ ತೈಲದೊಡನೆ ಕತ್ತರಿಸಿ. ನೀರಿನಲ್ಲಿ ಕಲಸುವ ಮಾಮೂಲಿ ಕೂಲೆಂಟ್ ಬೇಡ. ಟೈಟಾನಿಯಂನ ರೀತಿ ಬೇರೆ: ಅದು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಧಾರಾಳವಾಗಿ ಕೂಲೆಂಟ್ ಹರಿಸಬೇಕು, ವೇಗ ಕಡಿಮೆ ಇಡಬೇಕು. ಎರಡರಲ್ಲೂ ಚಿಪ್ಸನ್ನು ಪ್ರತಿ ಪಾಳಿಗೆ ಯಂತ್ರದ ತೊಟ್ಟಿಯಿಂದ ತೆಗೆಯಬೇಕು.

ಬೆಂಗಳೂರಿನ ಕೆಲವು ಘಟಕಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಲೋಹದ 3ಡಿ ಪ್ರಿಂಟರ್‌ಗಳು ಬಂದಿವೆ. ಟೈಟಾನಿಯಂ, ಅಲ್ಯುಮಿನಿಯಂನ ಬಹಳ ನಯವಾದ ಪುಡಿಯನ್ನು ಅವು ಆರ್ಗಾನ್ ಅನಿಲದೊಳಗೆ ಕರಗಿಸುತ್ತವೆ. ಪ್ರಿಂಟ್ ಆಗುತ್ತಿರುವಾಗ ಅಪಾಯ ಕಡಿಮೆ. ಫಿಲ್ಟರ್ ಬದಲಿಸಲು ತೆರೆದಾಗ ಅದರಲ್ಲಿ ಕೂತ ಮಸಿ ಗಾಳಿ ತಾಗಿದೊಡನೆ ಹೊತ್ತಿಕೊಳ್ಳಬಹುದು. ತಯಾರಕರ ಸೂಚನೆ ಓದದೆ ವಿದ್ಯಾರ್ಥಿಗಳ ಕೈಗೆ ಆ ಕೆಲಸ ಕೊಡಬೇಡಿ.

ಅಲ್ಯುಮಿನಿಯಂ ಎರಕದ ಮನೆಯಲ್ಲಿ ಲೋಹ ಹೊತ್ತಿಕೊಳ್ಳುವುದಕ್ಕಿಂತ ಸಿಡಿಯುವ ಭಯವೇ ದೊಡ್ಡದು. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಆ ಬಿಸಿಯ ಕುಲುಮೆಗೆ ಮಳೆಯಲ್ಲಿ ನೆನೆದ ಸ್ಕ್ರ್ಯಾಪ್, ಒಳಗೆ ನೀರು ಉಳಿದ ಚಪ್ಪಟೆ ಡಬ್ಬಿ, ಬಿರುಕಿನಲ್ಲಿ ತೇವ ಹಿಡಿದ ಗಟ್ಟಿ ಬಿದ್ದರೆ ಕರಗಿದ ಲೋಹ ಛಾವಣಿಗೆ ಹಾರುತ್ತದೆ. ಕುಲುಮೆಗೆ ಹಾಕುವ ಪ್ರತಿಯೊಂದನ್ನೂ ಮೊದಲು ಅದರ ಅಂಚಿನಲ್ಲಿಟ್ಟು ಕಾಯಿಸಿ. ಸೌಟು, ಅಚ್ಚು, ಕಲಕುವ ಸರಳು ಕೂಡ ಹಾಗೆಯೇ. ಮೆಗ್ನೀಸಿಯಂ ಭಾಗವನ್ನು ನೈಟ್ರೇಟ್ ಉಪ್ಪಿನ ಕಾಯಿಸುವ ತೊಟ್ಟಿಗೆ ಯಾವತ್ತೂ ಇಳಿಸಬಾರದು. ಅಲ್ಯುಮಿನಿಯಂಗೆ ಸರಿಯಾದ ಆ ತೊಟ್ಟಿ ಮೆಗ್ನೀಸಿಯಂಗೆ ಸ್ಫೋಟಕ.

ಕಾಲೇಜಿನ ಪ್ರಯೋಗಾಲಯದ ಸೋಡಿಯಂ

ಸೋಡಿಯಂ ನೀರಿನ ಮೇಲೆ ತೇಲುತ್ತದೆ, 98 ಡಿಗ್ರಿಗೆ ಕರಗುತ್ತದೆ, ನೀರು ತಾಗಿದೊಡನೆ ಜಲಜನಕ ಬಿಡುತ್ತದೆ. ಅದನ್ನು ನೀರಿನ ಅಂಶವಿಲ್ಲದ ಸೀಮೆಎಣ್ಣೆಯಲ್ಲಿ ಪೂರ್ತಿ ಮುಳುಗಿಸಿಡಬೇಕು. ಎಣ್ಣೆ ಆರುತ್ತದೆಯಾದ್ದರಿಂದ ಬೇಸಿಗೆ ರಜೆಗೆ ಮುಂಚೆಯೂ ನಂತರವೂ ಸೀಸೆ ನೋಡಬೇಕು. ಲಿಥಿಯಂ ಎಣ್ಣೆಯ ಮೇಲೂ ತೇಲಿಬಿಡುತ್ತದೆ, ಹಾಗಾಗಿ ಅದಕ್ಕೆ ವ್ಯಾಸಲೀನ್‌ನಂಥ ಗಟ್ಟಿ ಜೆಲ್ಲಿ ಅಥವಾ ಆರ್ಗಾನ್ ತುಂಬಿದ ಡಬ್ಬಿ. ಹಳೆಯ ಪೊಟ್ಯಾಸಿಯಂ ತುಂಡಿನ ಮೇಲೆ ಹಳದಿ, ಕಿತ್ತಳೆ ಬಣ್ಣದ ಪದರ ಕಂಡರೆ ಚಾಕು ಹಾಕಬೇಡಿ. ಆ ಪದರವನ್ನು ಕತ್ತರಿಸುವಾಗಲೇ ಸಿಡಿದ ಉದಾಹರಣೆಗಳಿವೆ. ಪರೀಕ್ಷೆ ಮುಗಿದ ಮೇಲೆ ಉಳಿದ ಸೋಡಿಯಂ ಚೂರುಗಳನ್ನು ಸಿಂಕಿಗೂ ಕಸದ ಬುಟ್ಟಿಗೂ ಹಾಕದೆ, ಉಪನ್ಯಾಸಕರೇ ನಿಂತು ಒಂದೊಂದಾಗಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನಿಧಾನವಾಗಿ ಕರಗಿಸಬೇಕು.

ಬೆಂಕಿ ಬಿದ್ದೇಬಿಟ್ಟರೆ

ನಮ್ಮಲ್ಲಿ ಐಎಸ್ 2190 ಎಂಬ ಮಾನಕ ಬೆಂಕಿಗಳನ್ನು ವರ್ಗ ಮಾಡುತ್ತದೆ. ಲೋಹದ ಬೆಂಕಿ ಅದರಲ್ಲಿ ಡಿ ವರ್ಗ. ಇದಕ್ಕೆ ಬಳಸುವ ಒಣ ಪುಡಿಗೆ ಐಎಸ್ 4861, ಆ ಪುಡಿ ತುಂಬಿದ ಸಿಲಿಂಡರಿಗೆ ಐಎಸ್ 11833 ಎಂಬ ಮಾನಕಗಳಿವೆ. ಕೊಳ್ಳುವಾಗ ‘ಡಿ ವರ್ಗ’ ಎಂಬ ಮಾತಿಗೆ ತೃಪ್ತರಾಗಬೇಡಿ, ನಿಮ್ಮಲ್ಲಿರುವ ಲೋಹದ ಹೆಸರು ಹೇಳಿ ಕೇಳಿ. ಉಪ್ಪು ಆಧಾರದ ಪುಡಿ ಮೆಗ್ನೀಸಿಯಂ, ಸೋಡಿಯಂಗೆ ಆಗುತ್ತದೆ. ಲಿಥಿಯಂಗೆ ಗ್ರಾಫೈಟ್ ಅಥವಾ ತಾಮ್ರದ ಪುಡಿ ಬೇಕು. ಉರಿಯುವ ಲಿಥಿಯಂ ಮರಳನ್ನೂ ಬಿಡದೆ ಅದರೊಡನೆ ವರ್ತಿಸುತ್ತದೆ. ಅಡುಗೆ ಉಪ್ಪಿನ ಮೂಟೆ ಇದ್ದರೆ ಸಾಲದೇ ಎಂದರೆ ಸಾಲದು. ಸಿಲಿಂಡರಿನ ಪುಡಿಗೆ ತೇವ ಹೀರದಂತೆ, ಸಲೀಸಾಗಿ ಹರಿಯುವಂತೆ ಬೇರೆ ಪದಾರ್ಥ ಸೇರಿಸಿರುತ್ತಾರೆ. ಮಳೆಗಾಲದ ಮೂಟೆಯ ಉಪ್ಪು ನೀರು ಕುಡಿದಿರುತ್ತದೆ.

ಸಣ್ಣ ಶೆಡ್ಡಿನವರಿಗೆ ಮರಳು ಕಡೆಯ ಆಸರೆ. ಅದು ನಿಜಕ್ಕೂ ಒಣಗಿರಬೇಕು. ಗೋಡೆಯ ಕೆಂಪು ಬಕೆಟ್ಟಿನಲ್ಲಿ ತೆರೆದೇ ಇದ್ದು, ಬೀಡಿ ತುಂಡು, ಎಲೆ ಅಡಿಕೆ ಉಗುಳು ಸೇರಿದ ಮರಳು ಲೋಹದ ಬೆಂಕಿಗೆ ನೀರಿನಷ್ಟೇ ಕೆಟ್ಟದ್ದು. ಮರಳನ್ನು ಜರಡಿ ಹಿಡಿದು, ಕಬ್ಬಿಣದ ಹಂಚಿನ ಮೇಲೆ ಹುರಿದು, ಆರಿದ ಮೇಲೆ ಮುಚ್ಚಳವಿರುವ ಡ್ರಮ್ಮಿಗೆ ತುಂಬಿ. ಮಳೆಗಾಲದಲ್ಲಿ ಆಗಾಗ ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ಕೈ ಬಿಚ್ಚಿದಾಗ ಉಂಡೆಯಾಗಿ ನಿಂತರೆ ಮತ್ತೆ ಹುರಿಯಬೇಕು. ಉದ್ದ ಹಿಡಿಯ ಸಲಿಕೆ ಡ್ರಮ್ಮಿಗೆ ಕಟ್ಟಿಯೇ ಇರಲಿ.

ಹೊತ್ತಿಕೊಂಡಾಗ ಮೊದಲು ಯಂತ್ರ, ಫ್ಯಾನು, ದೂಳು ಎಳೆಯುವ ಮೋಟರಿನ ಕರೆಂಟ್ ತೆಗೆಯಿರಿ. ಫ್ಯಾನ್ ಓಡುತ್ತಿದ್ದರೆ ಕಿಡಿ ಕೊಳವೆಯೊಳಗೆ ಹೋಗುತ್ತದೆ. ಬೆಂಕಿಯನ್ನು ಬರಿಗಣ್ಣಿಂದ ದಿಟ್ಟಿಸಬೇಡಿ, ವೆಲ್ಡಿಂಗ್ ಕನ್ನಡಕ ಹಾಕಿಕೊಳ್ಳಿ. ಗಾಳಿ ಬೆನ್ನ ಕಡೆ ಇರುವಂತೆ ನಿಂತು ಸಲಿಕೆಯಿಂದ ನಂದಿಸುವ ಪುಡಿಯನ್ನೋ ಒಣ ಮರಳನ್ನೋ ಅಂಚಿನಿಂದ ಒಳಕ್ಕೆ ಮೆಲ್ಲಗೆ ಜಾರಿಸಿ, ಎಸೆಯಬೇಡಿ. ಎರಡು ಬೆರಳು ದಪ್ಪ ಮುಚ್ಚಿದ ಮೇಲೆ ಎಲ್ಲಿ ಕೆಂಪಾಗಿ ಬಿರುಕು ಕಾಣುತ್ತದೋ ಅಲ್ಲಿ ಇನ್ನಷ್ಟು ಹಾಕಿ. ಹತ್ತಿರವಿರುವ, ಇನ್ನೂ ಹೊತ್ತಿಕೊಳ್ಳದ ಸರಕನ್ನು ಇನ್ನೊಬ್ಬರು ದೂರ ಸಾಗಿಸಲಿ. ಬೆಂಕಿ ಒಂದು ಡ್ರಮ್ಮಿಗಿಂತ ದೊಡ್ಡದಾಗಿದ್ದರೆ, ಅಥವಾ ದೂಳು ಗಾಳಿಯಲ್ಲಿ ತೇಲುತ್ತಿದ್ದರೆ ಎಲ್ಲರೂ ಹೊರಗೆ ಬನ್ನಿ. ಲೋಹ ಉರಿದು ಮುಗಿಯಲಿ ಎಂದು ಬಿಡುವುದೂ ಅಗ್ನಿಶಾಮಕರು ಒಪ್ಪಿದ ಕ್ರಮವೇ.

101 ಅಥವಾ 112ಕ್ಕೆ ಫೋನ್ ಮಾಡಿದವರು ಬರೀ ‘ಬೆಂಕಿ ಬಿದ್ದಿದೆ’ ಎಂದರೆ ನೀರಿನ ಟ್ಯಾಂಕರ್ ಬರುತ್ತದೆ. ಯಾವ ಲೋಹ, ಎಷ್ಟು ಕಿಲೋ, ಪುಡಿಯೋ ಗಟ್ಟಿಯೋ ಹೇಳಿ. ನಾಸಿಕ, ಸಂಭಾಜಿನಗರದಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಈ ಮರಾಠಿ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: ‘ಧಾತೂಚೀ ಆಗ ಆಹೇ, ಪಾಣೀ ಟಾಕೂ ನಕಾ.’ ಲೋಹದ ಬೆಂಕಿ, ನೀರು ಹಾಕಬೇಡಿ ಎಂದು. ಎಂಐಡಿಸಿಗೆ ತನ್ನದೇ ಅಗ್ನಿಶಾಮಕ ಠಾಣೆಗಳಿವೆ. ಅವರನ್ನು ಬೆಂಕಿ ಬೀಳುವ ಮುಂಚೆಯೇ ಶೆಡ್ಡಿಗೆ ಕರೆದು ಗೋದಾಮು ತೋರಿಸಿಡುವುದು ಜಾಣತನ.

ಬ್ಯಾಟರಿಯ ಬೆಂಕಿಯನ್ನು ಇದರೊಡನೆ ಬೆರೆಸಬೇಡಿ. ನಾಸಿಕದಲ್ಲಿ 2022ರ ಏಪ್ರಿಲ್ 9ರಂದು ಕಂಟೇನರಿನಲ್ಲಿದ್ದ 40 ಎಲೆಕ್ಟ್ರಿಕ್ ಸ್ಕೂಟರ್‌ಗಳ ಪೈಕಿ 20 ಸುಟ್ಟುಹೋದವು. ಲಿಥಿಯಂ ಎಂಬ ಹೆಸರು ಕೇಳಿ ಹಲವರು ಅದನ್ನೂ ಲೋಹದ ಬೆಂಕಿ ಎಂದುಕೊಂಡರು. ಸ್ಕೂಟರ್, ಫೋನಿನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಲೋಹದ ರೂಪದಲ್ಲಿ ಇರುವುದು ತೀರಾ ಕಡಿಮೆ. ಅಲ್ಲಿ ಬೇಕಾದದ್ದು ತಣಿಸುವುದು, ಅದಕ್ಕೆ ಧಾರಾಳ ನೀರೇ ಸರಿ.

ಮಾಲೀಕನನ್ನು ಕೇಳುವ ಹಕ್ಕು

1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಉರಿಯುವ ದೂಳಿನ ಬಗ್ಗೆ ಮೂರು ಕ್ರಮ ಹಾಕಿಕೊಟ್ಟಿತು: ದೂಳು ಹೊರಬರದಂತೆ ಯಂತ್ರ ಮುಚ್ಚುವುದು, ಕೂತ ದೂಳು ತೆಗೆಯುವುದು, ಕಿಡಿಯ ಮೂಲಗಳನ್ನು ದೂರವಿಡುವುದು. ಸ್ಫೋಟಕ ವಸ್ತುವಿದ್ದ ಡ್ರಮ್ಮನ್ನು ಪೂರ್ತಿ ಶುಚಿ ಮಾಡದೆ ಬೆಸುಗೆ ಹಾಕಬಾರದೆಂಬ ಮಾತೂ ಅದರಲ್ಲೇ ಇತ್ತು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯಂತೆ ಬೆಂಕಿ ನಂದಿಸುವ ಸಾಮಾನು ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಲೈಸೆನ್ಸ್ ಪಡೆದ ಏಜೆನ್ಸಿಯಿಂದ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ ಸಲ್ಲಿಸಬೇಕು. ಆ ಪತ್ರದಲ್ಲಿ ಡಿ ವರ್ಗದ ಸಿಲಿಂಡರ್ ಇದೆಯೇ ಎಂದು ಕೇಳುವುದು ಕೆಲಸಗಾರನ ಅಧಿಕಪ್ರಸಂಗವಲ್ಲ. ಗುತ್ತಿಗೆ ಕೆಲಸಗಾರರಿಗೆ, ಅದರಲ್ಲೂ ಕಸ ಗುಡಿಸುವ ಹೆಂಗಸರಿಗೆ ಈ ತರಬೇತಿ ಮೊದಲು ಸಿಗಬೇಕು; ದೂಳಿನ ಹತ್ತಿರ ಹೆಚ್ಚು ಹೊತ್ತು ಇರುವವರು ಅವರು. ಅವರ ಭಾಷೆಯಲ್ಲಿ, ಅವರ ಮುಂದೆ ಪುಡಿ ಹಾಕಿ ತೋರಿಸಿ ಹೇಳಬೇಕು.

ಗಾಯವಾದರೆ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು, ನೆಲಕ್ಕೆ ಮಲಗಿ ಉರುಳಬೇಕು. ಮಾಮೂಲಿ ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು 20 ನಿಮಿಷ. ಟೂತ್‌ಪೇಸ್ಟ್, ಅರಿಸಿನ, ಶಾಯಿ ಏನೂ ಬೇಡ. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ಚೂರು ಚರ್ಮಕ್ಕೆ ಅಂಟಿದ್ದರೆ ಮಾತ್ರ ಮೊದಲು ಒಣ ಬಟ್ಟೆಯಿಂದ ಒರೆಸಿ, ಚಿಮಟದಿಂದ ತೆಗೆಯಬೇಕು. ತೆಗೆಯಲಾಗದ ಚೂರಿನ ಮೇಲೆ ಖನಿಜ ತೈಲ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಎಲ್ಲ ಚೂರೂ ಹೋದ ಮೇಲಷ್ಟೇ ಧಾರಾಳ ನೀರು. ವೈದ್ಯರಿಗೆ ಲೋಹದ ಹೆಸರು ಹೇಳಿ. ಡ್ರಮ್ಮಿನ ಚೀಟಿಯ ಫೋಟೊ ಫೋನಿನಲ್ಲಿ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಉರಿ ನೋಡಿದವರ ಕಣ್ಣು ಆ ಹೊತ್ತಿಗೆ ಚೆನ್ನಾಗಿದ್ದು ಕೆಲವು ಗಂಟೆಗಳ ನಂತರ ಮರಳು ಬಿದ್ದ ಹಾಗೆ ಉರಿಯಬಹುದು, ಅವರನ್ನೂ ಕಣ್ಣಿನ ವೈದ್ಯರಿಗೆ ತೋರಿಸಿ.

ನಂದಿದ ರಾಶಿಯನ್ನು ಅವತ್ತು ಕೆದಕಬೇಡಿ. ಮೇಲಿನ ಗಟ್ಟಿ ಹೊಪ್ಪಳದ ಕೆಳಗೆ ಲೋಹ ಗಂಟೆಗಟ್ಟಲೆ ಕೆಂಪಗಿರುತ್ತದೆ, ಒಡೆದೊಡನೆ ಮತ್ತೆ ಹೊತ್ತುತ್ತದೆ. ಅಲ್ಲೊಬ್ಬರನ್ನು ಕಾವಲಿಗೆ ಬಿಡಿ. ಪೂರ್ತಿ ಆರಿದ ಮೇಲೆ ಬೂದಿಯನ್ನು ಒಣ ಡ್ರಮ್ಮಿಗೆ ತುಂಬಿ, ಹೊರಗೆ ಮಳೆ ತಾಗದ ಕಡೆ ಬೇರೆಯಾಗಿ ಇಡಿ. ಅದರೊಳಗೆ ಉರಿಯದೆ ಉಳಿದ ಲೋಹ ಇದ್ದೇ ಇರುತ್ತದೆ. ಬಳಸಿದ ಸಿಲಿಂಡರನ್ನು ಮರುದಿನವೇ ತುಂಬಿಸಿ, ಅದು ಬರುವ ತನಕ ಆ ಯಂತ್ರ ಓಡಿಸಬೇಡಿ.